ಏಳು ಮೂಲೆಯ ನಾಣ್ಯ

ನನಗೆ ಓದು ಬರಹ ಅಷ್ಟಕ್ಕಷ್ಟೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕನ್ನಡವನ್ನು ನಿಧಾನವಾಗಿ ಬರೆಯುತ್ತೇನೆ. ಇಂಗ್ಲಿಷ್ ನನಗೂ ಬೇಡ, ಅದಕ್ಕೂ ನಾನು ಬೇಡ. ಆದರೆ ದುಡ್ಡು ಓದುವ ವಸ್ತುವಲ್ಲ, ಮುಟ್ಟುವ ವಸ್ತು ಎಂದು ನಂಬಿದ್ದೆ. ಆ ನಂಬಿಕೆಗೆ ಏಟು ಬಿದ್ದದ್ದು ಅಮೆರಿಕದಲ್ಲಿ. ಇಲ್ಲಿ ಒಂದು ಡಾಲರಿಗೂ ನೂರಕ್ಕೂ ಒಂದೇ ಅಳತೆ, ಹೆಚ್ಚುಕಡಿಮೆ ಒಂದೇ ಹಸಿರು. ಒಮ್ಮೆ ಜ್ಯಾಕ್ಸನ್ ಹೈಟ್ಸ್‌ನ ತರಕಾರಿ ಅಂಗಡಿಗೆ ಕನ್ನಡಕ ಮರೆತು ಹೋದವಳು, ಐದು ಎಂದುಕೊಂಡು ಐವತ್ತು ಕೊಟ್ಟು ಹಾಗಲಕಾಯಿ ತಂದೆ. ಅಂದಿನಿಂದ ಮಗಳು ವಸುಧಾ ನನ್ನ ಕೈಗೆ ನೋಟು ಕೊಡುವುದಿಲ್ಲ. "ಚಿಲ್ಲರೆ ಇಟ್ಕೋಮ್ಮ, ಸಾಕು" ಎನ್ನುತ್ತಾಳೆ.

ಹೀಗಿರುವಾಗ ಲಂಡನ್ನಿನಿಂದ ತಂಗಿ ಶಾರದೆಯ ಫೋನು. ಮಂಡಿ ಆಪರೇಷನ್ ಆಗಿದೆಯಂತೆ. "ಅಕ್ಕಾ, ಬಂದು ಒಂದು ತಿಂಗಳು ಜಗಳ ಆಡ್ಕೊಂಡಿರು" ಎಂದಳು. ಹನ್ನೊಂದು ವರ್ಷದಿಂದ ಅವಳನ್ನು ಎದುರಿಗೆ ಕಂಡಿಲ್ಲ. ಹೊರಟೇ ನಿಂತೆ. ವಸುಧಾಗೆ ರಜೆ ಇಲ್ಲ. ನನ್ನೊಬ್ಬಳನ್ನೇ ಕಳಿಸಲು ಧೈರ್ಯವೂ ಇಲ್ಲ.

"ಅಲ್ಲಿಯ ದುಡ್ಡು ಗೊತ್ತಾ ನಿನಗೆ? ಟೀ ತಗೊಂಡ್ರೆ ಏನ್ ಕೊಡ್ತೀಯಾ?"

"ಕೇಳಿದ್ದು ಕೊಡ್ತೀನಿ."

"ಅದೇ ನಂಗೆ ಭಯ! ಭಾನುವಾರ ಟೆಸ್ಟ್ ಮಾಡ್ತೀನಿ. ಪಾಸಾದ್ರೆ ಟಿಕೆಟ್."

ಮೊಮ್ಮಗಳು ನೇಹಾ ಕಾಲೇಜಿನವರೊಡನೆ ಲಂಡನ್ ನೋಡಿ ಬಂದವಳು, ಉಳಿದ ದುಡ್ಡನ್ನು ಕಾಲುಚೀಲದಲ್ಲಿ ತುಂಬಿಟ್ಟಿದ್ದಳು. ಅದನ್ನು ಊಟದ ಮೇಜಿನ ಮೇಲೆ ಸುರಿದಳು. ನಾಣ್ಯಗಳು ಸ್ವಲ್ಪ ನಾರುತ್ತಿದ್ದವು. "ಅಜ್ಜಿ, ಲಿಸನ್. ಹಂಡ್ರೆಡ್ ಪೆನ್ಸ್ ಈಸ್ ಒನ್ ಪೌಂಡ್." ಅಷ್ಟೇನಾ? ಹನ್ನೆರಡು ಪೈಗೆ ಒಂದಾಣೆ, ಹದಿನಾರಾಣೆಗೆ ಒಂದು ರೂಪಾಯಿ ಎಂದು ಏಟು ತಿಂದು ಕಲಿತವಳು ನಾನು. ನೂರರ ಲೆಕ್ಕ ಮಕ್ಕಳಾಟ. ಕಂದು ಬಣ್ಣದವು ಒಂದು, ಎರಡು ಪೆನ್ಸ್. ಬಿಳಿ ದುಂಡನೆಯವು ಐದು, ಹತ್ತು. ಇಪ್ಪತ್ತಕ್ಕೂ ಐವತ್ತಕ್ಕೂ ಏಳೇಳು ಮೂಲೆ, ಐವತ್ತು ದೊಡ್ಡದು. ಪೌಂಡಿಗೆ ಹನ್ನೆರಡು ಮೂಲೆ. ಎರಡು ಪೌಂಡಿನದು ದುಂಡಗೆ, ತೂಕವಾಗಿ ಕೂರುತ್ತದೆ. ನೋಟುಗಳೋ, ಐದು ಚಿಕ್ಕದು, ಹತ್ತು ಅದಕ್ಕಿಂತ ದೊಡ್ಡದು, ಇಪ್ಪತ್ತು ಇನ್ನೂ ದೊಡ್ಡದು. ಬಣ್ಣವೂ ಬೇರೆ ಬೇರೆ. ಅವರು ನಮ್ಮನ್ನು ಆಳಿದ ಕಥೆ ಹಾಗಿರಲಿ, ಕನ್ನಡಕ ಮರೆಯುವವರ ಬಗ್ಗೆ ಅಲ್ಲಿ ಯಾರೋ ಯೋಚಿಸಿದ್ದಾರೆ.

ಭಾನುವಾರ ವಸುಧಾ ನಾಣ್ಯಗಳನ್ನೆಲ್ಲ ನನ್ನ ಮಡಿಲಿಗೆ ಹಾಕಿ, "ಎರಡು ಪೌಂಡ್ ಎಪ್ಪತ್ತು ಪೆನ್ಸ್ ಕೊಡು" ಎಂದಳು. ನಾನು ಅವಳ ಮುಖವನ್ನೇ ನೋಡುತ್ತ, ಸೆರಗಿನಡಿ ಬೆರಳಾಡಿಸಿ ಮೂರು ನಾಣ್ಯ ತೆಗೆದಿಟ್ಟೆ. ಎರಡು ಪೌಂಡಿನದೊಂದು, ಏಳು ಮೂಲೆಯವು ಎರಡು.

"ಓ ಮೈ ಗಾಡ್, ಶೀ ಡಿಡಂಟ್ ಈವನ್ ಲುಕ್!" ಎಂದು ನೇಹಾ ಕುಣಿದಳು. ವಸುಧಾ ತುಟಿ ಬಿಗಿದುಕೊಂಡೇ ಲ್ಯಾಪ್‌ಟಾಪ್ ತೆರೆದು ಟಿಕೆಟ್ ತೆಗೆದಳು. ಗೆದ್ದ ಚಿಲ್ಲರೆಯನ್ನೆಲ್ಲ ನನ್ನ ಚೀಲಕ್ಕೇ ಸುರಿದುಕೊಂಡೆ.

ಮಾರನೆಯ ದಿನ ಇಲ್ಲೇ ನಾವಿರುವ ಮನ್ರೋದ ಅಂಗಡಿಯಲ್ಲಿ ಕೊತ್ತಂಬರಿ ಕೊಂಡು, ಅದೇ ಜಂಬದಲ್ಲಿ ನೋಡದೆಯೇ ನಾಲ್ಕು ಕ್ವಾರ್ಟರ್, ಅಂದರೆ ಕಾಲು ಡಾಲರಿನ ನಾಣ್ಯ, ಎಣಿಸಿ ಕೊಟ್ಟೆ. ಅಂಗಡಿಯ ಕನ್ನಡದ ಹುಡುಗಿ ಒಂದನ್ನು ತಿರುಗಿಸಿ ನೋಡಿ, "ಆಂಟಿ, ಇದ್ರಲ್ಲಿ ಯಾರೋ ರಾಣಿ ಇದ್ದಾಳೆ" ಎಂದಳು. ಇಂಗ್ಲೆಂಡಿನ ಹತ್ತು ಪೆನ್ಸಿಗೂ ಇಲ್ಲಿಯ ಕ್ವಾರ್ಟರಿಗೂ ಅದೇ ದುಂಡು, ಅದೇ ಗೀರಂಚು. ಬೆರಳಿಗೆ ರಾಣಿ ಸಿಗುವುದಿಲ್ಲ.

ಇದನ್ನು ವಸುಧಾಗೆ ಹೇಳಿಲ್ಲ. ಹೇಳಿದರೆ ಟಿಕೆಟ್ ಹೋಯಿತು. ಎರಡು ಡಿಗ್ರಿ ಮಾಡಿದ್ದಾಳೆ, ಆದರೆ ನಾಗಪುರದಲ್ಲಿ ಓದಿದವಳು, ಕನ್ನಡ ಮಾತು ಬರುತ್ತದೆ, ಓದಲು ಒಂದಕ್ಷರವೂ ಬಾರದು. ಅದಕ್ಕೇ ಧೈರ್ಯವಾಗಿ ಇಲ್ಲಿ ಬರೆದಿದ್ದೇನೆ. ಓದು ಬಂದ ನೀವು, ನಾನು ವಿಮಾನ ಹತ್ತುವವರೆಗೆ, ಇನ್ನು ಹನ್ನೆರಡು ದಿನ ಬಾಯಿ ಮುಚ್ಚಿಕೊಂಡಿರಿ.