ಪಾಸ್‌ಪೋರ್ಟಿನ ಕುದುರೆ

ನನಗೆ ಎರಡು ಹುಟ್ಟಿದ ದಿನಗಳಿವೆ. ಒಂದು ಅಮ್ಮ ಹೆತ್ತದ್ದು, ಇನ್ನೊಂದು ಮೈಸೂರಿನ ನಮ್ಮ ಶಾಲೆಯ ಹೆಡ್‌ಮಾಸ್ಟರು ದಯಪಾಲಿಸಿದ್ದು. ನನ್ನ ತುಂಟಾಟ ತಡೆಯಲಾರದೆ ಅಪ್ಪ ನನ್ನನ್ನು ಬೇಗ ಶಾಲೆಗೆ ದೂಡಿದಾಗ, ಅವರು ವಯಸ್ಸಿಗೆ ಎರಡು ವರ್ಷ ಸೇರಿಸಿ ಬರೆದುಕೊಂಡರು. ಪಾಸ್‌ಪೋರ್ಟಿಗೂ ಅದೇ ಬಂತು. ನಮ್ಮ ಕಡೆ ಇದೊಂದು ವಿಷಯವೇ ಅಲ್ಲ. ಆದರೆ ಇದರಿಂದ ಆಕ್ಲೆಂಡಿನಲ್ಲಿ ನನ್ನ ಬಾಡಿಗೆ ಮನೆಗೇ ಸಂಚಕಾರ ಬಂದೀತೆಂದು ಯಾರು ಎಣಿಸಿದ್ದರು?

ಮೌಂಟ್ ರಾಸ್ಕಿಲ್‌ನಲ್ಲಿರುವ ನಮ್ಮ ಮನೆಯ ಒಡತಿ ಲಿನ್ ಆಂಟಿ, ಅದೇ ಅಂಗಳದ ಹಿಂಬದಿಯ ಮನೆಯಲ್ಲೇ ಇರುತ್ತಾರೆ. ಕರಾರು ಮುಗಿಯುತ್ತ ಬಂದಿತ್ತು. "ಚೈನೀಸ್ ನ್ಯೂ ಇಯರ್ ಊಟಕ್ಕೆ ಬನ್ನಿ, ಮನೆ ವಿಷಯ ಆಮೇಲೆ ನೋಡೋಣ" ಎಂದರು. ಆ "ಆಮೇಲೆ" ನನ್ನ ನೆಮ್ಮದಿ ಕೆಡಿಸಿತು. ಸಾಲದ್ದಕ್ಕೆ ಮಗಳು, ಹುಟ್ಟಿದ ವರ್ಷಕ್ಕೊಂದು ಪ್ರಾಣಿ ಎಂದು ಶಾಲೆಯಲ್ಲಿ ಕಲಿತು ಬಂದಳು. ಆಂಟಿಯ ಅರವತ್ತೈದನೇ ಹುಟ್ಟುಹಬ್ಬದ ಕೇಕ್ ತಿಂದವಳಿಗೆ ಲೆಕ್ಕ ಸುಲಭ. "ಅಪ್ಪಾ, ಯು ಆರ್ ಅ ಹಾರ್ಸ್! ಆಂಟಿ ಈಸ್ ಅ ರ‍್ಯಾಟ್. ಟೋಟಲ್ ಎನಿಮೀಸ್!" ಇದು ಕುದುರೆಯದೇ ವರ್ಷ, ಕುದುರೆಗಳಿಗೆ ಕೇಡು, ಕೆಂಪು ತೊಟ್ಟರೆ ಬಚಾವು ಎಂದೂ ಸೇರಿಸಿದಳು. ಅಮ್ಮ ಫೋನಿನಲ್ಲಿ ರಾಹುಕಾಲ ಎಂದಾಗಲೆಲ್ಲ "ಯಾವ ದೇಶದ್ದಮ್ಮಾ?" ಎಂದು ನಗುತ್ತಿದ್ದ ನಾನು ಬೆವತುಹೋದೆ.

ನಿಜವಾದ ವರ್ಷ ಹಿಡಿದರೆ ನಾನು ಕೋತಿ. ಇಲಿಗೂ ಕೋತಿಗೂ ಭಾರಿ ಸ್ನೇಹವಂತೆ.

"ಕೋತಿ ಅಂತ್ಲೇ ಹೇಳ್ಬಿಡಿ. ನಂಗಂತೂ ಮದ್ವೆ ಆದಾಗಿಂದ ಡೌಟಿತ್ತು" ಎಂದಳು ಹೆಂಡತಿ.

ಊಟದ ನಡುವೆ ಆಂಟಿ ಕೇಳಿಯೇಬಿಟ್ಟರು, "ನಿನ್ನದು ಯಾವ ಪ್ರಾಣಿ?"

"ಕೋತಿ" ಎಂದೆ.

"ಕರಾರಿಗೆ ಕೊಟ್ಟ ಪಾಸ್‌ಪೋರ್ಟ್ ಕುದುರೆ ಅನ್ನುತ್ತದಲ್ಲ?"

ಹೆದರಿ ಹೆಡ್‌ಮಾಸ್ಟರ ಕತೆಯನ್ನೆಲ್ಲ ಒದರಿದೆ. ಆಂಟಿ ಚಾಪ್‌ಸ್ಟಿಕ್ ಕೆಳಗಿಟ್ಟರು. ನಮ್ಮ ಪಾತ್ರೆಪಡಗ ಬೀದಿಯಲ್ಲಿ ಬಿದ್ದಿರುವುದು ನನ್ನ ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಅವರು ಗೊಳ್ಳೆಂದು ನಕ್ಕರು.

"ನನ್ನಪ್ಪನೂ ಹೀಗೇ ಎರಡು ವರ್ಷ ಜಾಸ್ತಿ ಬರೆಸಿದ್ದು! ನಾನು ಇಲಿಯಲ್ಲ, ಹುಲಿ. ಹುಲಿಗೂ ಕೋತಿಗೂ ಆಗಿಬರುವುದಿಲ್ಲ. ಕುದುರೆಯಾದರೆ ಪ್ರಾಣಸ್ನೇಹಿತ. ನೀನು ಪಾಸ್‌ಪೋರ್ಟಿನಂತೆಯೇ ಇದ್ದುಬಿಡು."

ಹಾಗೆ ಕುದುರೆಯ ಲೆಕ್ಕದಲ್ಲಿ ಕರಾರು ಮುಂದುವರಿಯಿತು. ಕುದುರೆ ಎಂದಮೇಲೆ ಕೇಡೂ ನನ್ನದೇ ಎಂದು ಆಂಟಿ ಕೆಂಪು ಕಾಲುಚೀಲಗಳನ್ನೂ ಕೊಟ್ಟರು. ಅವನ್ನು ಹಾಕದೆ ನಾನೀಗ ಹೊಸ್ತಿಲು ದಾಟುವುದಿಲ್ಲ. ಅಮ್ಮ ವೀಡಿಯೊ ಕರೆ ಮಾಡಿ ರಾಹುಕಾಲ ಎಂದರೆ ಹಿಂದಿನಂತೆಯೇ ನಗುತ್ತೇನೆ, ಕಾಲು ಕಾಣದಂತೆ ಫೋನನ್ನು ಸ್ವಲ್ಪ ಮೇಲಕ್ಕೆ ಹಿಡಿದುಕೊಂಡು.