ಹತ್ತಕ್ಕೆ ಹತ್ತು ಬಂದಿರುವ ಹಿವರವಾಡಿಯ ಸುಖವನ್ನು ಇಳಿಸಿಕೊಡಬೇಕೆಂದು ಬಿನ್ನಹ

ಹಿವರವಾಡಿ, ಔರಾದ ತಾಲ್ಲೂಕು, ಬೀದರ ಜಿಲ್ಲೆ
ಮೇ ೨೦೧೬

ದೇಶದೇಶಗಳ ಸುಖವನ್ನೂ ಸಮೃದ್ಧಿಯನ್ನೂ ಅಳೆದು ಸಾಲಾಗಿ ನಿಲ್ಲಿಸುವ ಸಂಸ್ಥೆಯ ಅಧ್ಯಕ್ಷರ ಸನ್ನಿಧಿಗೆ,

ಮಾನ್ಯರೇ,

ಚಿಂತಾಕಿಯಿಂದ ಮೂರು ಮೈಲು ಈಚೆಗಿರುವ ಹಿವರವಾಡಿಯ ವಾಟರ್‌ಮ್ಯಾನ್ ಕಾಶೀರಾಮನು ಕೈಮುಗಿದು ಬರೆಯುವುದೇನೆಂದರೆ, ತಾವೂ ತಮ್ಮ ಕುಟುಂಬದವರೂ ತಮ್ಮ ಕಚೇರಿಯ ನಲ್ಲಿಗಳೂ ಕ್ಷೇಮವೆಂದು ನಂಬಿದ್ದೇನೆ. ವಾಟರ್‌ಮ್ಯಾನ್ ಎಂದರೆ ಊರಿಗೆ ನೀರು ಬಿಡುವವನು. ನಮ್ಮ ಬೋರ್‌ವೆಲ್ ಬತ್ತಿ ಹದಿನಾಲ್ಕು ತಿಂಗಳಾದವು, ಅಂದಿನಿಂದ ಸರ್ಕಾರದ ಟ್ಯಾಂಕರ್ ನೀರೇ ಊರಿಗೆ ಗತಿಯಾಗಿತ್ತು; ಈಗ ವಾಲ್ವ್ ತಿರುಗಿಸಿದರೆ ಬುಸ್ಸೆಂದು ಗಾಳಿ ಬರುತ್ತದೆ, ಆದರೂ ಕೈಗೆ ರೂಢಿ ತಪ್ಪಬಾರದೆಂದು ದಿನಾ ಬೆಳಿಗ್ಗೆ ತಿರುಗಿಸಿ ಬರುತ್ತೇನೆ.

ಕಳೆದ ತಿಂಗಳು ತಮ್ಮ ಸಂಸ್ಥೆಯ ಇಬ್ಬರು ಸಾಹೇಬರು ಬಿಳಿ ಜೀಪಿನಲ್ಲಿ ನಮ್ಮೂರಿಗೆ ಬಂದರು. ನಮ್ಮ ದೇಶವು ತಮ್ಮ ಪಟ್ಟಿಯಲ್ಲಿ ನೂರರ ಆಚೆ ಎಲ್ಲೋ ನಿಂತಿದೆಯೆಂದೂ, ಈ ಸಲ ಹಳ್ಳಿಗಳನ್ನೂ ಕೇಳಿ ಸರಿಯಾಗಿ ಅಳೆಯಬೇಕೆಂದಿರುವಿರೆಂದೂ, ಚೀಟಿ ಎತ್ತಿದಾಗ ಹಿವರವಾಡಿಯ ಹೆಸರು ಬಂತೆಂದೂ ಅವರು ತಿಳಿಸಿದರು. ಮಳೆ ಎಂದೂ ಕೇಳದಿದ್ದ ನಮ್ಮೂರಿನ ಹೆಸರನ್ನು ಚೀಟಿಯಾದರೂ ಕೇಳಿತಲ್ಲ ಎಂದು ನಮಗೆಲ್ಲ ಹಿಗ್ಗಾಯಿತು. ಅವರನ್ನು ಬೇವಿನ ಮರದ ಕೆಳಗೆ ಹೊರಸು ಹಾಕಿ ಕೂರಿಸಿದೆವು. ಶಾಲೆಯಲ್ಲಿ ಬಿಸಿಯೂಟ ಮಾಡುವ ನನ್ನ ಅತ್ತಿಗೆ ಜಿಜಾಬಾಯಿಯವರು ಮೊದಲು ಎರಡು ತಂಬಿಗೆ ನೀರು ಕೊಟ್ಟು, ಆಮೇಲೆ ಚಹಾ ಕುಡಿಸಿದರು. ಚಹಾ ಮುಗಿದ ಮೇಲೆ ಸಾಹೇಬರು ಪ್ರಶ್ನೆ ಕೇಳಲು ಆರಂಭಿಸಿದರು. ಎಡವಟ್ಟಾದದ್ದು ಅಲ್ಲಿಯೇ.

ತಾವು ದೂರದವರು, ನಮ್ಮ ಕಡೆಯ ರಿವಾಜು ತಮಗೆ ಗೊತ್ತಿರಲಿಕ್ಕಿಲ್ಲ. ಮನೆಯ ಚಹಾ ಕುಡಿದವನು ಅತಿಥಿ, ಅತಿಥಿಯ ಮುಂದೆ ಮನೆಯ ದುಃಖ ಬಿಚ್ಚುವುದು ಅವನು ಕುಡಿದ ಚಹಾವನ್ನು ಕಹಿ ಮಾಡಿದಂತೆ. ನಿಮ್ಮ ಬದುಕಿಗೆ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದಾಗ ಜಿಜಾಬಾಯಿಯವರು ಸೆರಗು ಸರಿಮಾಡಿಕೊಂಡು "ನಮಗೇನ್ ಕಮ್ಮಿ ಅದರಿ, ಆರಾಮ ಅದೀವ್ರಿ, ಹತ್ತೇ ಬರ್ಕೋರಿ" ಎಂದುಬಿಟ್ಟರು. ಅತ್ತಿಗೆ ಹತ್ತು ಎಂದ ಮೇಲೆ ಮೈದುನ ಒಂಬತ್ತು ಎಂದರೆ ಮನೆತನದಲ್ಲಿ ಬಿರುಕಿದೆಯೆಂದು ಜನ ತಿಳಿದಾರು, ಹೀಗಾಗಿ ನಾನೂ ಹತ್ತೆಂದೆ. ನನ್ನ ಹಿಂದೆ ನಿಂತವರೆಲ್ಲ ಹತ್ತೆಂದರು. ಕಷ್ಟ ಬಂದರೆ ಆಗುವವರು ಇದ್ದಾರೆಯೇ ಎಂಬ ಪ್ರಶ್ನೆಗೆ ಇಡೀ ಊರೇ ಇದೆ ಎಂದೆವು. ಇಷ್ಟಬಂದಲ್ಲಿ ದುಡಿಯುವ ಸ್ವಾತಂತ್ರ್ಯವಿದೆಯೇ ಎಂಬುದಕ್ಕೆ, ಹೈದರಾಬಾದಿಗಾದರೂ ಹೋಗಬಹುದು, ಪುಣೆಗಾದರೂ ಹೋಗಬಹುದು, ಬೀದರ ಪಕ್ಕದ ಕೊಳಾರದ ಗೋದಾಮಿನಲ್ಲಿ ಮೂಟೆಯನ್ನಾದರೂ ಹೊರಬಹುದು, ಯಾರೂ ಕೈ ಹಿಡಿದು ನಿಲ್ಲಿಸುವುದಿಲ್ಲ ಎಂದೆವು. ಲಂಚದ ಬಗ್ಗೆ ಕೇಳಿದಾಗ, ವರ್ಷದಿಂದ ಯಾವ ಅಧಿಕಾರಿಯೂ ಈ ಕಡೆ ಸುಳಿದಿಲ್ಲವಾದ್ದರಿಂದ ಕೊಡುವ ಸಂದರ್ಭ ಒದಗಿಲ್ಲ ಎಂದೆವು. ಪ್ರತಿಯೊಂದಕ್ಕೂ ಪೂರ್ತಿ ಅಂಕ ಬಂತು. ನಮ್ಮೂರಿನ ಅರವತ್ತನಾಲ್ಕು ಮನೆಗಳಲ್ಲಿ ನಲವತ್ತೊಂದಕ್ಕೆ ಬೀಗ ಬಿದ್ದಿರುವುದನ್ನು ಕಂಡು ತಮ್ಮ ಸಾಹೇಬರು 'ಗ್ರಾಮಸ್ಥರಲ್ಲಿ ಪ್ರವಾಸದ ಹವ್ಯಾಸ ಹೆಚ್ಚು' ಎಂದು ಬರೆದುಕೊಂಡದ್ದನ್ನು ಆಮೇಲೆ ವರದಿಯಲ್ಲಿ ಓದಿ ತಿಳಿದೆವು.

ಆ ವರದಿಯನ್ನು ತಾವು ಬಲು ಚಂದದ ಕಾಗದದಲ್ಲಿ ಅಚ್ಚುಹಾಕಿಸಿದ್ದೀರಿ. ನಮ್ಮ ಹಿವರವಾಡಿಯನ್ನು ಹಿಮ ಬೀಳುವ ನಾಲ್ಕೈದು ಶ್ರೀಮಂತ ದೇಶಗಳ ಪಕ್ಕದಲ್ಲಿ ಕೂರಿಸಿದ ತಮ್ಮ ದೊಡ್ಡ ಮನಸ್ಸಿಗೆ ಶರಣು. ಆದರೆ ಅದರ ಒಂದು ಪ್ರತಿಯನ್ನು ತಾವು ಇಲ್ಲಿ ಟ್ಯಾಂಕರ್ ಕಳಿಸುವ ಸಾಹೇಬರಿಗೂ ಕೊಟ್ಟಿರಿ. ಅವರು ಓದುವ ಅಭ್ಯಾಸವಿರುವ ಮನುಷ್ಯರು. ಇಷ್ಟು ಸುಖವಿರುವ ಊರಿಗೆ ಸರ್ಕಾರದ ನೀರೇಕೆಂದು ಮರುದಿನವೇ ನಮ್ಮ ಟ್ಯಾಂಕರನ್ನು ಭಾಲ್ಕಿ ಕಡೆಯ ಒಂದು ಊರಿಗೆ ತಿರುಗಿಸಿದರು. ಟ್ಯಾಂಕರ್ ಓಡಿಸುವ ಗೌಸೋದ್ದೀನ ಕೊನೆಯ ಸರದಿಯ ದಿನ ಪೈಪು ಸುತ್ತುತ್ತ "ಹತ್ತ ಯಾಕ್ ಹೇಳಿದ್ರಿ ಕಾಶೀರಾಮಣ್ಣ, ಐದಾದ್ರೂ ಹೇಳಬಾರದಿತ್ತಾ" ಎಂದ. ನಾನು ಪೈಪಿನ ತುದಿಯಿಂದ ತೊಟ್ಟಿಕ್ಕುತ್ತಿದ್ದ ನೀರಿಗೆ ಕೊಡ ಹಿಡಿದೆ.

ಭಾಲ್ಕಿ ಕಡೆಯ ಆ ಊರಿನವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅಲ್ಲಿ ನನ್ನ ಗೆಳೆಯ ಹಾವಗೆಪ್ಪನಿದ್ದಾನೆ, ತಮ್ಮ ಸಾಹೇಬರು ಅಲ್ಲಿಗೂ ಹೋಗಿ ಕೇಳಿದಾಗ ಎರಡೇ ಅಂಕ ಕೊಟ್ಟ ಜಾಣ. ಅದು ಹೇಗೆ ಸಾಧ್ಯವಾಯಿತೆಂದು ಫೋನಿನಲ್ಲಿ ಕೇಳಿದರೆ, "ಚಾ ಕುಡಿಸೋಕಿಂತ ಮೊದ್ಲೇ ಕೇಳಿಬಿಟ್ರಪಾ, ಖರೇ ಮಾತು ಬಾಯಾಗ ಬಂದುಬಿಡ್ತು" ಎಂದ. ಒಂದು ಬಟ್ಟಲು ಚಹಾದ ಹಿಂದುಮುಂದಿನಲ್ಲಿ ಎರಡು ಊರುಗಳ ನೀರು ಅದಲುಬದಲಾಯಿತು. ಇಂಥ ಸೂಕ್ಷ್ಮ ತಕ್ಕಡಿಯನ್ನು ಕಂಡುಹಿಡಿದ ತಮ್ಮ ವಿದ್ವಾಂಸರನ್ನು ಎಷ್ಟು ಹೊಗಳಿದರೂ ಸಾಲದು.

ನಗುತ್ತಲೇ ಬರೆಯಬೇಕೆಂದು ಕುಳಿತವನು ನಾನು, ಆದರೆ ಇಲ್ಲಿ ನಗು ಬರುತ್ತಿಲ್ಲ, ಸಿಟ್ಟು ಬರುತ್ತಿದೆ. ಬರಗಾಲವೆಂದು ಈ ಬೇಸಿಗೆ ರಜೆಯಲ್ಲೂ ನಮ್ಮ ಶಾಲೆಯಲ್ಲಿ ಬಿಸಿಯೂಟ ನಡೆದಿದೆ. ಹೈದರಾಬಾದಿನಲ್ಲಿ ಗಾರೆ ಹೊರಲು ಹೋದವರು ತಮ್ಮ ಹತ್ತೊಂಬತ್ತು ಮಕ್ಕಳನ್ನು ಆ ಒಂದು ಊಟದ ಧೈರ್ಯದ ಮೇಲೆ, ಜಿಜಾಬಾಯಿಯವರ ಮೇಲೆ ಬಿಟ್ಟು ಹೋಗಿದ್ದಾರೆ. ಅಕ್ಕಿ ಇದೆ, ಬೇಳೆ ಇದೆ, ಒಲೆ ಇದೆ. ಟ್ಯಾಂಕರ್ ನಿಂತ ಮೇಲೆ ಅಡುಗೆಮನೆಯ ಡ್ರಮ್ಮಿನಲ್ಲಿ ಉಳಿದ ನೀರು ಗುರುವಾರದವರೆಗೆ ಬಂದೀತು. ಆಮೇಲೆ ಒಲೆ ಆರಿದರೆ ಆ ಮಕ್ಕಳೂ ಗಂಟು ಕಟ್ಟಿಕೊಂಡು ತಂದೆತಾಯಿ ಮಲಗುವ ಅರೆಕಟ್ಟಿದ ಕಟ್ಟಡಗಳಿಗೆ ಹೋಗಬೇಕು, ಹೋದ ಮಕ್ಕಳು ಜೂನಿನಲ್ಲಿ ಶಾಲೆಗೆ ಮರಳಿದ್ದನ್ನು ನಾನಂತೂ ನೋಡಿಲ್ಲ. ತಾವು ತಪ್ಪು ಮಾಡಿದಿರಿ ಎನ್ನಲು ನನಗೆ ಮುಖವಿಲ್ಲ, ಏಕೆಂದರೆ ಹತ್ತು ಎಂದವನು ನಾನೇ. ಮರ್ಯಾದೆಗೆ ಅಂಜಿ ಸುಳ್ಳು ಹೇಳಿದೆ. ಆದರೆ ಬೀಗ ಬಿದ್ದ ನಲವತ್ತೊಂದು ಬಾಗಿಲುಗಳು ಸುಳ್ಳು ಹೇಳಿರಲಿಲ್ಲ, ಅವುಗಳ ಮಾತನ್ನು ತಾವು ಕೇಳಿಸಿಕೊಳ್ಳಬೇಕಿತ್ತು.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳು. ನಮ್ಮ ಹತ್ತರಲ್ಲಿ ಎಂಟನ್ನು ಕಳೆದು, ಅಂಕ ಕಡಿಮೆ ಬಿದ್ದ ಯಾವುದಾದರೂ ಬಡ ದೇಶಕ್ಕೆ ಹಂಚಬೇಕು. ಹಾಗೆ ಇಳಿಸಲು ತಮ್ಮ ನಿಯಮ ಒಪ್ಪದಿದ್ದರೆ, ಮೊದಲ ಸ್ಥಾನದ ದೇಶದಲ್ಲಿ ಬೀದಿಯಿಂದ ಗುಡಿಸಿ ಬಿಸಾಡುವ ಹಿಮವನ್ನು ನಮ್ಮ ಶಾಲೆಯ ಹೆಸರಿಗೆ ಪಾರ್ಸೆಲ್ ಮಾಡಿಸಬೇಕು, ದಾರಿಯಲ್ಲಿ ಕರಗಿದರೆ ನಮ್ಮದೇನೂ ತಕರಾರಿಲ್ಲ. ಮುಂದಿನ ಸಲ ಬರುವ ಸಾಹೇಬರು ಚಹಾ ಕುಡಿಯದೆ ಪ್ರಶ್ನೆ ಕೇಳಬೇಕೆಂದು ಸುತ್ತೋಲೆ ಹೊರಡಿಸಬೇಕು. ಇವಾವುವೂ ಆಗದಿದ್ದಲ್ಲಿ ಹಿವರವಾಡಿಯನ್ನು ಒಂದು ಪ್ರತ್ಯೇಕ ದೇಶವೆಂದು ಘೋಷಿಸಿ ನನ್ನನ್ನು ಅದರ ರಾಯಭಾರಿಯಾಗಿ ನೇಮಿಸಬೇಕು. ಹೇಗೂ ವಾಟರ್‌ಮ್ಯಾನ್ ಕೆಲಸದಲ್ಲಿ ಬಿಡುವಿದೆ.

ಸುಖದ ಭಾರ ತಾಳಲಾರದ,
ತಮ್ಮ ವಿಶ್ವಾಸಿ
ಕಾಶೀರಾಮ, ವಾಟರ್‌ಮ್ಯಾನ್

ತಾ.ಕ.: ಈ ಪತ್ರವನ್ನು ಲಕೋಟೆಗೆ ಹಾಕುವಷ್ಟರಲ್ಲಿ ಶುಕ್ರವಾರವಾಗಿದೆ, ಅಡುಗೆಮನೆಯ ಡ್ರಮ್ಮು ಖಾಲಿಯಾಗಿದೆ. ತಾವು ದಯಮಾಡಿ ಕಳಿಸಿದ 'ಪರಮಸುಖಿ ಗ್ರಾಮ' ಎಂಬ ಕಲ್ಲಿನ ಫಲಕ ಈಗ ತಾನೇ ಬಂದಿಳಿದಿದೆ. ಅದನ್ನು ನಿಲ್ಲಿಸಲು ಬಂದ ಮೇಸ್ತ್ರಿ ಸಿಮೆಂಟು ಕಲಸಲು ಎರಡು ಕೊಡ ನೀರು ಕೇಳುತ್ತಿದ್ದಾನೆ. ನಾಳೆಯ ಅನ್ನಕ್ಕೆಂದು ನಾನು ಚಿಂತಾಕಿಯಿಂದ ಸೈಕಲ್ಲಿನ ಮೇಲೆ ತಂದಿಟ್ಟದ್ದೂ ಎರಡೇ ಕೊಡ. ಜಿಜಾಬಾಯಿಯವರು ಅಡುಗೆಮನೆಯ ಹೊಸ್ತಿಲಿಗೆ ಅಡ್ಡವಾಗಿ ಕುಳಿತು, ಮನೆಗೆ ಬಂದವರೊಬ್ಬರ ಮುಖ ನೋಡಿ ತಮ್ಮ ಜೀವಮಾನದಲ್ಲಿ ಮೊದಲ ಸಲ "ಇಲ್ರಿ" ಎಂದಿದ್ದಾರೆ. ದಯವಿಟ್ಟು ನಮ್ಮೂರಿನ ಉತ್ತರವೆಂದು ಅದನ್ನು ಬರೆದುಕೊಳ್ಳಬೇಕು.