ತಪ್ಪಿಲ್ಲದ ಅರ್ಜಿ

ನಾನು ಯಾರಿಗಾದರೂ ಸಹಾಯ ಮಾಡಲು ಹೊರಟರೆ ಸಾಕು, ಅದು ನಗೆಪಾಟಲಾಗದೆ ಬಿಡುವುದಿಲ್ಲ. ಈಗ ನೆನೆದರೆ ಮೊದಲು ನಗು ಬರುತ್ತದೆ, ಆಮೇಲೆ ಸಂಕಟವಾಗುತ್ತದೆ. ತೊಂಬತ್ತರ ದಶಕದಲ್ಲಿ ಶಿಡ್ಲಘಟ್ಟದ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುತ್ತಿದ್ದೆ. ರೇಷ್ಮೆ ನೂಲು ತೆಗೆಸುವ ಸಾಹೇಬರೊಬ್ಬರ ಮಗಳು ನಮ್ಮ ಬಿ.ಎ. ತರಗತಿಯಲ್ಲಿದ್ದಳು. ಪಾಠ ಒಮ್ಮೆ ಕೇಳಿದರೆ ಹಾಗೇ ಒಪ್ಪಿಸುತ್ತಿದ್ದಳು, ಪುಸ್ತಕ ಹಿಡಿದರೆ ಅಕ್ಷರಗಳೆಲ್ಲ ಕಲಸಿಹೋಗುತ್ತಿದ್ದವು. ಎರಡು ಸಲ ಫೇಲಾಗಿದ್ದಳು. ಈ ಸಲವೂ ಫೇಲಾದರೆ ಕಾಲೇಜು ಬಿಡಿಸುತ್ತೇನೆಂದು ಅವಳಪ್ಪ ಹೇಳಿಬಿಟ್ಟಿದ್ದರು.

೧. ಕಣ್ಣು

ಉತ್ತರ ಅವಳು ಹೇಳಲಿ, ಬೇರೆಯವರು ಬರೆಯಲಿ ಎಂದು ಪ್ರಿನ್ಸಿಪಾಲರನ್ನು ಕೇಳಿದೆ. "ಡಾಕ್ಟ್ರ ಸರ್ಟಿಫಿಕೇಟ್ ತರ್ಸ್ರೀ" ಎಂದರು. ಅಪ್ಪ, ಮಗಳು ಇಬ್ಬರನ್ನೂ ಚಿಕ್ಕಬಳ್ಳಾಪುರದ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದೆ. ಮುಂದಿದ್ದವರು ಗೋಡೆಯ ಬೋರ್ಡು ಓದುವುದನ್ನು ಕೇಳಿಸಿಕೊಂಡಿದ್ದ ಹುಡುಗಿ, ತನ್ನ ಸರದಿ ಬಂದಾಗ ಕೊನೆಯ ಸಾಲಿನವರೆಗೂ ಗಡಗಡನೆ ಒಪ್ಪಿಸಿಬಿಟ್ಟಳು. 'ಓದಲು ಯಾವ ತೊಂದರೆಯೂ ಇಲ್ಲ' ಎಂದು ಸರ್ಟಿಫಿಕೇಟ್ ಬಂತು.

"ಯಾಕಮ್ಮಾ ಹಿಂಗ್ ಮಾಡ್ದೆ?"

"ಒಂದ್ನೇ ಕ್ಲಾಸಿಂದ ಹಿಂಗೇ ಪಾಸಾಗಿರೋದು ಸಾರ್. ಓದು ಅಂದ್ರೆ ಬಾಯಿ ತಾನಾಗೇ ಶುರು ಮಾಡ್ಕೊಳ್ಳುತ್ತೆ."

೨. ಕ್ಯಾಸೆಟ್ಟು

ಕಿವಿಯನ್ನಾದರೂ ನಂಬೋಣ ಎಂದು ಪಾಠಗಳನ್ನು ಕ್ಯಾಸೆಟ್ಟಿನಲ್ಲಿ ಓದಿ ಕೊಟ್ಟೆ. ಅವರ ಟೇಪ್‌ರೆಕಾರ್ಡರ್ ಇದ್ದದ್ದು ನೂಲು ತೆಗೆಯುವ ಶೆಡ್ಡಿನಲ್ಲಿ. ಕೆಲಸದ ಹೆಂಗಸರು ಅದನ್ನು ಬಿಟ್ಟುಕೊಡಲಿಲ್ಲ, ಹಾಡಿನ ಬದಲು ಪಾಣಿಪತ್ ಯುದ್ಧ ಹಾಕಿಸಿಕೊಂಡರು. ಬಾಗಿಲಲ್ಲಿ ನಿಂತ ಹುಡುಗಿಗೆ ಯಂತ್ರದ ಸದ್ದಿನಲ್ಲಿ ಅರ್ಧ ಪಾಠವೂ ಕೇಳಿಸಲಿಲ್ಲ. ಒಂದು ದಿನ ಸಂತೆಯಲ್ಲಿ ಬದನೆಕಾಯಿ ಬೆಲೆ ಕೇಳುತ್ತಿದ್ದೆ. ದನಿಯಿಂದಲೇ ನನ್ನ ಗುರುತು ಹಿಡಿದ ಶೆಡ್ಡಿನ ಹೆಂಗಸೊಬ್ಬಳು ಓಡಿಬಂದಳು.

"ಸಾಮೀ, ಪಾಣಿಪತ್ ಆದ್ಮೇಲೆ ಮರಾಠ್ರು ಏನಾದ್ರು? ಕ್ಯಾಸೆಟ್ಟು ಅಲ್ಲಿಗೇ ನಿಂತೋಯ್ತು!"

೩. ಅರ್ಜಿ

ಕೊನೆಗೆ ಪ್ರಿನ್ಸಿಪಾಲರೇ ಕರಗಿ, ಬೇರೆಯವರಿಂದ ಉತ್ತರ ಬರೆಸಲು ಅನುಮತಿ ಕೇಳಿ ಪರೀಕ್ಷಾ ಕಚೇರಿಗೆ ಬರೆದರು. ವಿದ್ಯಾರ್ಥಿನಿಯೇ ಸ್ವಂತ ಕೈಯಲ್ಲಿ, ಚಿತ್ತಿಲ್ಲದೆ ಅರ್ಜಿ ಬರೆದು ಕಳಿಸಬೇಕು ಎಂದು ಅಲ್ಲಿಂದ ಉತ್ತರ ಬಂತು. ನಾನು ಕೊಟ್ಟ ಮಾದರಿ ನೋಡಿಕೊಂಡು ಒಂದೊಂದೇ ಅಕ್ಷರವನ್ನು ರಂಗೋಲಿಯ ಹಾಗೆ ಇಳಿಸಿದಳು. ಒಂಬತ್ತು ದಿನ ಬರೆದಳು. ಹಾಳೆ ಕೆಟ್ಟಾಗಲೆಲ್ಲ ಅಳುತ್ತಿದ್ದಳು, ನೋಡಲಾಗದೆ ನಾನು ವರಾಂಡಕ್ಕೆ ಹೋಗಿ ನಿಲ್ಲುತ್ತಿದ್ದೆ. ಹತ್ತನೆಯ ದಿನ ಒಂದೂ ತಪ್ಪಿಲ್ಲದ ಅರ್ಜಿ ಹೊರಟಿತು.

ಪರೀಕ್ಷೆಗೆ ಎರಡು ದಿನವಿದ್ದಾಗ ಉತ್ತರ ಬಂತು. ಕವರನ್ನು ನನ್ನ ಕೈಗೇ ಕೊಟ್ಟು, "ನೀವೇ ಓದಿ ಸಾರ್" ಎಂದಳು.

'ಅರ್ಜಿಯ ಬರವಣಿಗೆ ಶುದ್ಧವಾಗಿಯೂ ದುಂಡಾಗಿಯೂ ಇರುವುದರಿಂದ ಅಭ್ಯರ್ಥಿಗೆ ಬೇರೆ ಬರಹಗಾರರ ಅಗತ್ಯ ಕಂಡುಬರುವುದಿಲ್ಲ.'

ಓದಿ ಮುಗಿಸಿ ಕಾಗದವನ್ನು ಮಡಚಿ ಕವರಿಗೆ ಸೇರಿಸಿದೆ.

"ಇನ್ನೊಂದ್ ಸಲ ಓದಿ ಸಾರ್."

ಓದಿದೆ.

"ಅಬ್ಬಾಗೆ ಹೇಳ್ಬೇಕು ಸಾರ್. ಕಾಲೇಜ್ ಬಿಡ್ಸೋಕ್ ಮುಂಚೆ, ನನ್ನ ಬರವಣಿಗೇನೂ ಒಬ್ರು ಹೊಗಳಿದ್ರು ಅಂತ."